ರಾತ್ರಿ ಹಚ್ಚಿದ ಬಣ್ಣ ಬೆಳಗ್ಗೆ ಯಾಕೆ ಬೇರೆ ಕಾಣತ್ತೆ?

ಪ್ರಶ್ನೆ: ಕೆಲಸ ಮುಗಿಸಿ ಬಂದು ರಾತ್ರಿ ಹೊತ್ತು ಆಯಿಲ್ ಪೇಂಟಿಂಗ್ ಮಾಡ್ತೀನಿ ಸರ್. ಬೆಳಗ್ಗೆ ನೋಡಿದ್ರೆ ಬಣ್ಣಾನೇ ಬೇರೆ. ಮುಂದಿನ ತಿಂಗಳು ಇಲ್ಲಿನ ಗ್ಯಾಲರೀಲಿ ಗ್ರೂಪ್ ಶೋ ಇದೆ, ಅಷ್ಟರೊಳಗೆ ವಾರ್ನಿಶ್ ಹಚ್ಚಿ ಕೊಡಬಹುದಾ?

ಉತ್ತರ: ತಪ್ಪು ನಿಮ್ಮ ಕಣ್ಣಿಂದಲ್ಲ, ಬಲ್ಬಿಂದು. ಮನೇಲಿ ಹಾಕೋ ಹಳದಿ ಬಲ್ಬು ಸುಮಾರು 2700 ಕೆಲ್ವಿನ್ ಇರತ್ತೆ (ಬೆಳಕಿನ ಬಣ್ಣದ ಅಳತೆ ಇದು, ಕಮ್ಮಿ ಇದ್ದಷ್ಟೂ ಹಳದಿ), ಅದರ ಕೆಳಗೆ ನೀಲಿ ಮಂಕಾಗತ್ತೆ, ತೆಳು ಹಳದಿ ಬಿಳಿ ಜೊತೆ ಸೇರಿ ಕಾಣೋದೇ ಇಲ್ಲ, ಅದಕ್ಕೆ ಗೊತ್ತಿಲ್ದೆ ಇನ್ನೊಂದಿಷ್ಟು ಹಳದಿ ಬೆರೆಸ್ತೀರ, ಬೆಳಗ್ಗೆ ಅದೇ ಕಣ್ಣಿಗೆ ಹೊಡೆಯತ್ತೆ. 5000 ಕೆಲ್ವಿನ್ನಿನ, ಸಿಆರ್‌ಐ (ಬಣ್ಣಗಳನ್ನ ಎಷ್ಟು ಸರಿಯಾಗಿ ತೋರಿಸತ್ತೆ ಅನ್ನೋ ಅಳತೆ) 90ರ ಮೇಲಿರೋ ಎಲ್‌ಇಡಿ ಹಾಕಿ. ಪ್ಯಾಲೆಟ್ಟಿಗೂ ಕ್ಯಾನ್ವಾಸಿಗೂ ಒಂದೇ ಬೆಳಕು ಬೀಳ್ಬೇಕು.

ವಾರ್ನಿಶ್ ಮಾತ್ರ ಈಗ ಬೇಡ, ದಯವಿಟ್ಟು. ಆಯಿಲ್ ಪೇಂಟಲ್ಲಿರೋ ಲಿನ್‌ಸೀಡ್ (ಅಗಸೆ) ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗಲ್ಲ, ಗಾಳೀಲಿರೋ ಆಕ್ಸಿಜನ್ ಹೀರ್ಕೊಂಡು ಗಟ್ಟಿ ಆಗತ್ತೆ. ಮುಟ್ಟಿದ್ರೆ ಅಂಟದೇ ಇದ್ರೂ ಒಳಗೆ ಹಸಿ ಇರತ್ತೆ, 6 ತಿಂಗಳಿಂದ 1 ವರ್ಷ ಬಿಡೋದು ವಾಡಿಕೆ. ಅಂಬರ್ (ಕಂದು ಮಣ್ಣಿನ ಬಣ್ಣ) ಬೆರೆಸಿದ ತೆಳು ಪದರ ಬೇಗ ಒಣಗತ್ತೆ, ದಪ್ಪಗೆ ಹಚ್ಚಿದ ಟೈಟಾನಿಯಂ ವೈಟ್ ತುಂಬಾ ನಿಧಾನ, ಹಾಗಾಗಿ ಈ ಶೋಗೆ ತೆಳ್ಳಗೆ ಮಾಡಿದ ಒಂದೆರಡು ಚಿತ್ರಾನೇ ಕೊಡಿ.

ಗ್ಯಾಲರಿಯವರು ಪರಿಚಯದವರೇ ಆದ್ರೂ ಕಮಿಷನ್ ಎಷ್ಟು, ಸಾಗಿಸೋ ಖರ್ಚು ಯಾರದು, ಚಿತ್ರಕ್ಕೆ ಏಟು ಬಿದ್ರೆ ಯಾರು ಹೊಣೆ, ಎಲ್ಲಾ ಬರಹದಲ್ಲಿ ತಗೊಳ್ಳಿ. ಬೇರೆಯವರ ಶೋಗಳಿಗೂ ಹೋಗ್ತಿರಿ, ನಿಮ್ಮ ಕೆಲಸ ನಿಂತು ನೋಡೋರು ಮೊದಲು ಸಿಗೋದು ಅಲ್ಲೇ.

ಇನ್ನೊಂದು, ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳಬಹುದು. ಮುಚ್ಚಳ ಇರೋ ತಗಡಿನ ಡಬ್ಬಿಗೆ ನೀರು ತುಂಬಿ ಅದರೊಳಗೆ ಹಾಕಿ.