ಬ್ರೇಕ್ ತುಳಿದರೆ ಇಂಡಿಕೇಟರ್ ಬಾಣ ಯಾಕೆ ಹತ್ತಿಕೊಳ್ಳುತ್ತದೆ?

ಬ್ರೇಕ್ ತುಳಿದಾಗ ಡ್ಯಾಶ್‌ಬೋರ್ಡಿನ ಎಡಬಾಣ ಮಂಕಾಗಿ ಹತ್ತುತ್ತದೆ. ಹಗಲು ಸರಿಯಿರುವ ಎಡ ಇಂಡಿಕೇಟರ್ ರಾತ್ರಿ ಹೆಡ್‌ಲೈಟ್ ಹಾಕಿದರೆ ಹುಚ್ಚುಚ್ಚಾಗಿ ಆಡುತ್ತದೆ. ಗ್ಯಾರೇಜಿನವರು ವೈರಿಂಗ್ ಪೂರ್ತಿ ಬದಲಾಯಿಸಬೇಕು ಅಂತಿದ್ದಾರೆ, ಮಾಡಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ನೀವು ಹೇಳಿದ್ದೆಲ್ಲ ಹಿಂದಿನ ಎಡದೀಪದ ಅರ್ಥ್, ಅಂದರೆ ಕರೆಂಟ್ ಕಾರಿನ ಬಾಡಿಗೆ ವಾಪಸ್ ಹೋಗುವ ದಾರಿ, ಕೆಟ್ಟಾಗ ಆಗುವಂಥದ್ದೇ.

ನನ್ನ ಹಳೇ ಕಾರಿಗೂ ಹೀಗೇ ಆಗಿತ್ತು. ತೀರ್ಥಹಳ್ಳಿ ಕಡೆಯ ಮಳೆಗಾಲ. ಹಿಂದೆ ಬೈಕಿನಲ್ಲಿ ಬರ್ತಿದ್ದ ಪಕ್ಕದ ಮನೆಯವರು, "ಏನ್ ಮಾರಾಯ್ರೇ, ಬ್ರೇಕ್ ಹಾಕಿದ್ರೆ ನಿಮ್ ಕಾರು ಕಣ್ಣು ಹೊಡೀತದಲ್ಲ!" ಅಂದರು. ನಾನು ಮೊದಲು ಇಂಡಿಕೇಟರ್ ಮಿನುಗಿಸುವ ಡಬ್ಬಿ, ಫ್ಲ್ಯಾಷರ್, ಬದಲಾಯಿಸಿದೆ. ದಂಡ. ಆಮೇಲೆ ಡಿಕ್ಕಿ ತೆಗೆದು ಬಲ್ಬ್ ಹೋಲ್ಡರ್ ತಿರುಗಿಸಿ ಹೊರಗೆಳೆದರೆ, ಒಳಗಿನ ತಗಡಿನ ಮೇಲೆ ಹಸಿರು ಕಿಲುಬು. ದೀಪದ ಸುತ್ತಲಿನ ರಬ್ಬರ್ ಬಿರುಕು ಬಿಟ್ಟು ನೀರು ಇಳಿದಿತ್ತು.

ಆಗುವುದಿಷ್ಟು. ಹಿಂದಿನ ಟೇಲ್, ಬ್ರೇಕ್, ಇಂಡಿಕೇಟರ್ ಮೂರಕ್ಕೂ ಸಾಮಾನ್ಯವಾಗಿ ಒಂದೇ ಅರ್ಥ್ ತಂತಿ. ಬ್ರೇಕಿನ 21 ವ್ಯಾಟ್ ಬಲ್ಬಿಗೆ ಸುಮಾರು 1.75 ಆಂಪಿಯರ್ ಬೇಕು. ಆ ಕರೆಂಟಿಗೆ ವಾಪಸ್ ಹೋಗುವ ದಾರಿ ಮುಚ್ಚಿದ್ದರೆ, ಅದು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ಉಲ್ಟಾ ನುಗ್ಗಿ, ಅದರ ವೈರಿನಲ್ಲೇ ಮುಂದಕ್ಕೆ ಬಂದು, ಮುಂದಿನ ಇಂಡಿಕೇಟರ್ ಮತ್ತು ಡ್ಯಾಶ್‌ಬೋರ್ಡಿನ ಬಾಣದ ಮೂಲಕ ಅರ್ಥ್ ಹುಡುಕಿಕೊಳ್ಳುತ್ತದೆ. ಅದಕ್ಕೇ ಬಾಣ ಮಂಕಾಗಿ ಹತ್ತುವುದು. ಹೆಡ್‌ಲೈಟ್ ಹಾಕಿದಾಗ ಟೇಲ್ ಲೈಟಿನ ಕರೆಂಟೂ ಇದೇ ಆಟ ಆಡುತ್ತದೆ.

ಪರೀಕ್ಷೆಗೆ ಒಂದು ಮೀಟರ್ ವೈರ್ ಸಾಕು. ಒಂದು ತುದಿಯನ್ನು ಹೋಲ್ಡರಿನ ಅರ್ಥ್ ಕಾಲಿಗೆ ತಾಗಿಸಿ. ಹೆಚ್ಚಿನ ಕಾರುಗಳಲ್ಲಿ ಅದು ಕಪ್ಪು ವೈರ್, ಆದರೂ ಖಾತ್ರಿ ಮಾಡಿಕೊಳ್ಳಿ. ತಪ್ಪಿ ಕರೆಂಟ್ ಇರುವ ಕಾಲಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ. ಇನ್ನೊಂದು ತುದಿ ಬಾಡಿಯ ಬೋಲ್ಟಿಗೆ. ಪೇಂಟ್ ಮೇಲೆ ಇಟ್ಟರೆ ಪ್ರಯೋಜನ ಇಲ್ಲ, ಸ್ವಲ್ಪ ಕೆರೆದು ಇಡಿ. ಯಾರನ್ನಾದರೂ ಬ್ರೇಕ್ ತುಳಿಯಲು ಹೇಳಿ. ಯಾರೂ ಇಲ್ಲದಿದ್ದರೆ ಪೆಡಲ್‌ಗೂ ಸೀಟಿಗೂ ನಡುವೆ ಕೋಲು ಕೊಡಿ. ಬಾಣ ಆರಿ ಬ್ರೇಕ್ ಲೈಟ್ ಪೂರ್ತಿ ಕೆಂಪಾಗಿ ಉರಿದರೆ ಕಳ್ಳ ಸಿಕ್ಕಿದ ಹಾಗೆ.

ವೈರ್ ಕೂಡಿಕೊಂಡಿದೆ ಅಂತ ಮಲ್ಟಿಮೀಟರ್ ಮಾಡುವ "ಕೀಂ" ಶಬ್ದವೊಂದನ್ನೇ ನಂಬಬೇಡಿ. ಮೀಟರ್ ಕಳಿಸುವುದು ಚೂರೇ ಚೂರು ಕರೆಂಟ್. ಕಿಲುಬು ಹಿಡಿದ ಜಾಯಿಂಟಲ್ಲೂ ಅದು ದಾಟಿಬಿಡುತ್ತದೆ. ದೀಪ ಹತ್ತಿರುವಾಗಲೇ ಅರ್ಥ್ ಕಾಲಿಗೂ ಬಾಡಿಗೂ ನಡುವೆ ವೋಲ್ಟೇಜ್ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೆಟ್ಟಿದೆ.

ರಿಪೇರಿ ಅಂದರೆ ಸಣ್ಣ ಸ್ಯಾಂಡ್‌ಪೇಪರ್‌ನಿಂದ ಉಜ್ಜುವುದು, ಅರ್ಥ್ ಬೋಲ್ಟ್ ಬಿಚ್ಚಿ ತೊಳೆದು ಬಿಗಿಮಾಡುವುದು, ಮೇಲೆ ಚೂರು ವ್ಯಾಸಲಿನ್. ಹೋಲ್ಡರ್ ತೀರಾ ತಿಂದುಹೋಗಿದ್ದರೆ ಅದೊಂದನ್ನು ಬದಲಾಯಿಸಿ.

ಹಾಗೇ ಬಲ್ಬನ್ನೂ ನೋಡಿ. ಟೇಲ್ ಮತ್ತು ಬ್ರೇಕಿಗೆ ಒಂದೇ ಬಲ್ಬಿದ್ದರೆ ಅದರೊಳಗೆ 5 ಮತ್ತು 21 ವ್ಯಾಟಿನ ಎರಡು ಉರಿಯುವ ತಂತಿ ಇರುತ್ತವೆ. ಬಲ್ಬಿನ ಬುಡದ ಪಕ್ಕದ ಎರಡು ಮೊಳೆ ಮೇಲೆ ಕೆಳಗೆ ಇರುವುದು ಉಲ್ಟಾ ಕೂರದಿರಲಿ ಅಂತಲೇ. ಅವಸರದಲ್ಲಿ ಅದನ್ನೂ ಒತ್ತಿ ಕೂರಿಸುವ ಮಹಾನುಭಾವರಿದ್ದಾರೆ. ಒಂದು ತಂತಿ ಇರುವ ಬಲ್ಬ್ ತುರುಕಿದರೂ ಇದೇ ಗೋಳು.

ಎಡ ಇಂಡಿಕೇಟರ್ ಸುಮ್ನೆ ಜೋರಾಗಿ ಟಿಕ್‌ಟಿಕ್ ಅಂತಿದ್ದರೆ ಅದು ಬೇರೆ ಕಥೆ. ಒಂದು ಬಲ್ಬ್ ಹೋಗಿರುತ್ತದೆ, ಇಲ್ಲವೇ ಯಾರೋ ಎಲ್‌ಇಡಿ ಹಾಕಿರುತ್ತಾರೆ. ಬ್ರೇಕ್ ಲೈಟ್ ಎರಡೂ ಹತ್ತದಿದ್ದರೆ ಮೊದಲು ಫ್ಯೂಸ್, ಆಮೇಲೆ ಪೆಡಲ್ ಮೇಲಿನ ಸ್ವಿಚ್. ಆರುವುದೇ ಇಲ್ಲ ಅಂದರೆ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಬಿದ್ದಿದೆಯಾ ನೋಡಿ. ಸ್ವಿಚ್ಚನ್ನು ಒತ್ತುವ ಬಿಲ್ಲೆ ಪುಡಿಯಾಗಿ ಉದುರಿರುತ್ತದೆ.

ಎಡದ್ದು ಸರಿಯಾದ ಮೇಲೆ ಬಲಗಡೆಯದನ್ನೂ ಬಿಚ್ಚಿ ನೋಡಿ. ನಾನು ಬಿಟ್ಟಿದ್ದೆ, ಮುಂದಿನ ಮಳೆಗಾಲಕ್ಕೆ ಅದೂ ಕಣ್ಣು ಹೊಡೆಯಿತು.