ಪಾಲಿಕೆ ಸದಸ್ಯರು ವಾರ್ಡಿನತ್ತ ತಿರುಗಿ ನೋಡದಿದ್ದರೆ

ಪ್ರಶ್ನೆ: ನಮ್ಮ ವಾರ್ಡಿನ ಪಾಲಿಕೆ ಸದಸ್ಯರು ಎರಡನೆಯ ಬಾರಿ ಗೆದ್ದವರು. ಗುದ್ದಲಿ ಪೂಜೆಗೆ ಬರುತ್ತಾರೆಯೇ ಹೊರತು ಒಡೆದ ಮೋರಿ ನೋಡಲು ಬರುವುದಿಲ್ಲ. ಬಡಾವಣೆಯವರೆಲ್ಲ ಸಹಿ ಹಾಕಿ ಕೊಟ್ಟ ಮನವಿಗೂ ಉತ್ತರವಿಲ್ಲ. ಅರ್ಧಕ್ಕಿಂತ ಹೆಚ್ಚು ಮತದಾರರು ಸಹಿ ಮಾಡಿದರೆ ಸದಸ್ಯತ್ವ ರದ್ದಾಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ರದ್ದಾಗುವುದಿಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಬರುವುದು ನಿಂತಿಲ್ಲ. ಮತದಾರರೇ ಸಹಿ ಸಂಗ್ರಹಿಸಿ ಪಾಲಿಕೆ ಸದಸ್ಯರನ್ನು ಕೆಳಗಿಳಿಸುವ ಅವಕಾಶ ಕರ್ನಾಟಕದ ಕಾನೂನಿನಲ್ಲಿಲ್ಲ; ಇದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಸಂದೇಶ ಸುಳ್ಳು, ಹಣ ಪಡೆದು ‘ಅನರ್ಹತೆ ಅರ್ಜಿ’ ಬರೆದುಕೊಡುವವರು ನಿಮ್ಮ ಸಿಟ್ಟನ್ನೇ ಬಂಡವಾಳ ಮಾಡಿಕೊಂಡವರು.

ನೀವು ಕಳುಹಿಸಿದ ಮನವಿಯ ಪ್ರತಿಯನ್ನು ಓದಿದೆ. ‘ವಾರ್ಡಿನ ಸಮಸ್ತ ಸಮಸ್ಯೆಗಳನ್ನು ಬಗೆಹರಿಸಬೇಕು’ ಎಂದಿದೆ. ಯಾವ ಅಡ್ಡರಸ್ತೆ, ಮೋರಿಯ ಯಾವ ಭಾಗ, ಎಂದಿನಿಂದ ಎಂಬುದು ಎಲ್ಲಿಯೂ ಇಲ್ಲ, ಕಚೇರಿಯ ಸ್ವೀಕೃತಿ ಮೊಹರೂ ಇಲ್ಲ. ಇಂಥ ಕಾಗದಕ್ಕೆ ಯಾರೂ ಉತ್ತರಿಸಬೇಕಾಗಿಲ್ಲ. ಪಾಲಿಕೆಯ ಕಾರ್ಯಾಂಗದ ಅಧಿಕಾರ ಇರುವುದು ಆಯುಕ್ತರ ಬಳಿ. ಮೋರಿ ದುರಸ್ತಿ ಮಾಡಿಸುವುದು ವಾರ್ಡಿನ ಎಂಜಿನಿಯರ್ ಕೆಲಸ. ದೂರನ್ನು ಮೊದಲು ಅವರಿಗೆ ಕೊಟ್ಟು, ಪ್ರತಿಯನ್ನು ಸದಸ್ಯರಿಗೆ ಸಲ್ಲಿಸಿ ಎರಡಕ್ಕೂ ಸ್ವೀಕೃತಿ ಪಡೆಯಿರಿ.

ಹಾಗೆಂದು ಸದಸ್ಯರಿಗೆ ಹೊಣೆ ಇಲ್ಲವೆಂದಲ್ಲ. ವಾರ್ಡಿನ ಮಾತನ್ನು ಸಾಮಾನ್ಯ ಸಭೆಯಲ್ಲಿ ಎತ್ತುವುದು, ಬಜೆಟ್‌ನಲ್ಲಿ ಅದಕ್ಕೆ ಹಣ ಕೇಳುವುದು ಅವರ ಕೆಲಸ, ಮತ್ತು ಅವರ ನಿರ್ಲಕ್ಷ್ಯವನ್ನು ಅಳೆಯಬೇಕಾದದ್ದು ಅಲ್ಲಿಯೇ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ, ಸಂವಿಧಾನದ 243ಎಸ್ ವಿಧಿಯ ಮೂಲಕ ಹೇಳುತ್ತದೆ. ಸಮಿತಿ ಒಂದೇ ವಾರ್ಡಿನದಾದರೆ ಅದರ ಅಧ್ಯಕ್ಷರು ಆ ವಾರ್ಡಿನ ಸದಸ್ಯರೇ. ಆದ್ದರಿಂದ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಕಳೆದ ಎರಡು ವರ್ಷಗಳ ವಾರ್ಡ್ ಸಮಿತಿ ಸಭೆಗಳ ನಡಾವಳಿಯ ಪ್ರತಿಯನ್ನು ಪಾಲಿಕೆಯಿಂದ ಕೇಳಿ. ಸಭೆಯೇ ನಡೆದಿಲ್ಲ ಎಂಬ ಲಿಖಿತ ಉತ್ತರ ಬಂದರೆ ಅದಕ್ಕಿಂತ ಗಟ್ಟಿಯಾದ ದಾಖಲೆ ನಿಮಗೆ ಬೇಕಿಲ್ಲ. ಮೋರಿಗೆ ಹಿಂದೆ ಬಿಲ್ ಆಗಿದೆಯೇ ಎಂಬ ಅನುಮಾನವಿದ್ದರೆ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕಗಳನ್ನು ಬೇರೆ ಅರ್ಜಿಯಲ್ಲಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕಾಮಗಾರಿಯನ್ನೇ ಪರಿಶೀಲಿಸಿ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಇದೇ ಕಾಯ್ದೆಯಲ್ಲಿದೆ, ಆದರೆ ಅದನ್ನು ಬಳಸುವವರು ಅಪರೂಪ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ. ಎಂಜಿನಿಯರ್ ಮೇಜಿನ ಮುಂದೆ ಕೂಗಾಡಬೇಡಿ.

ಕಾಗದ ಕೈಗೆ ಬರುವವರೆಗೆ ‘ಕಮಿಷನ್ ಹೊಡೆದಿದ್ದಾರೆ’ ಎಂದು ಎಲ್ಲಿಯೂ ಬರೆಯಬೇಡಿ. ಮಾನನಷ್ಟ ಮೊಕದ್ದಮೆಯಲ್ಲಿ ಅಲೆಯುವವರು ನೀವೇ, ಮೋರಿಯ ಮಾತು ಅಲ್ಲಿಗೇ ಮರೆತುಹೋಗುತ್ತದೆ. ಈ ವಿಷಯದಲ್ಲಿ ನಾನು ಅತಿ ಅಂಜುಬುರುಕನೆಂದು ಕೆಲವು ಓದುಗರು ಆಕ್ಷೇಪಿಸಿದ್ದಾರೆ, ಆಕ್ಷೇಪಿಸಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಬಿಬಿಎಂಪಿಯ ನಮ್ಮ ಹಳೆಯ ಕಾರ್ಪೊರೇಟರ್ ಈಗಲೂ ಕೆಲಸ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿದೆ, ಅವರ ಮಾತಿಗೆ ಯಾವ ಕಡತದಲ್ಲಿಯೂ ಜಾಗವಿಲ್ಲ.

ಪ್ರಶ್ನೆ: ಬೆಂಗಳೂರಿನ ನಮ್ಮ ಬೀದಿಯಲ್ಲಿ ಕುಡಿಯುವ ನೀರು ಸರಿಯಾಗಿ ಬರುವುದಿಲ್ಲ. ಪಾಲಿಕೆಗೆ ದೂರು ಕೊಡಬೇಕೇ?

ಉತ್ತರ: ಜಲಮಂಡಳಿಗೆ ಕೊಡಿ.

ಪ್ರಶ್ನೆ: ಕೆಲಸ ಆಗುವವರೆಗೆ ಆಸ್ತಿ ತೆರಿಗೆ ಕಟ್ಟದೆ ಪ್ರತಿಭಟಿಸಬಹುದೇ?

ಉತ್ತರ: ಬಾಕಿ ಬೆಳೆಯುವುದು ನಿಮ್ಮ ಹೆಸರಿನಲ್ಲಿ, ಸದಸ್ಯರ ಹೆಸರಿನಲ್ಲಲ್ಲ.