ಕೈ ಚುರುಕಿದ್ದರೆ ಚಾಂಪಿಯನ್ ಆಗಬಹುದಾ?

ಪ್ರಶ್ನೆ: ಪ್ರಾಕ್ಟಿಕಲ್ ಶೂಟಿಂಗ್ ವಿಡಿಯೊಗಳನ್ನು ಜಾಸ್ತಿ ನೋಡುತ್ತೇನೆ. ಓಡುತ್ತಲೇ ಪಟಪಟ ಅಂತ ಗುಂಡು ಹೊಡೆಯುತ್ತಾರೆ. ಚಾಂಪಿಯನ್ ಆಗಲು ವೇಗವೇ ಮುಖ್ಯವಾ? ಇದನ್ನೇ ನಂಬಿ ಬದುಕಬಹುದಾ?

ಉತ್ತರ: ವಿಡಿಯೊದಲ್ಲಿ ವೇಗ ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ. ಇಲ್ಲಿ ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಅದೇ ಹಿಟ್ ಫ್ಯಾಕ್ಟರ್. ಗುರಿಹಲಗೆಯ ನಡುಭಾಗ 'ಎ', ಅಲ್ಲಿ ಬಿದ್ದರೆ 5 ಅಂಕ. ಮೈನರ್, ಅಂದರೆ ಕಡಿಮೆ ಶಕ್ತಿಯ ಗುಂಡಾದರೆ, ಸುತ್ತಲಿನ 'ಸಿ'ಗೆ 3, ಅಂಚಿನ 'ಡಿ'ಗೆ 1.

24 ಗುಂಡುಗಳ ಒಂದು ಸ್ಟೇಜ್, ಅಂದರೆ ಪಂದ್ಯದ ಒಂದು ಸುತ್ತು, ಇದೆ ಅನ್ನಿ. ಒಬ್ಬರು 12 ಸೆಕೆಂಡಲ್ಲಿ ಎಲ್ಲವನ್ನೂ 'ಎ'ಗೆ ಹೊಡೆದರು. 120 ಅಂಕ, ಫ್ಯಾಕ್ಟರ್ 10. ಇನ್ನೊಬ್ಬರು 11 ಸೆಕೆಂಡಲ್ಲಿ ಮುಗಿಸಿದರು, ನಾಲ್ಕು ಗುಂಡು 'ಸಿ'ಗೆ ಹೋದವು. ಫ್ಯಾಕ್ಟರ್ 10.18, ಇವರೇ ಮುಂದೆ! ಮೂರನೆಯವರೂ 11 ಸೆಕೆಂಡೇ, ಆದರೆ ಎರಡು ಗುಂಡು ಗುರಿ ತಪ್ಪಿದವು. ಆ ಅಂಕ ಬರಲಿಲ್ಲ, ಮೇಲೆ ತಲಾ 10 ಕಡಿತ ಬೇರೆ. ಫ್ಯಾಕ್ಟರ್ 8.18ಕ್ಕೆ ಕುಸಿಯಿತು. ಎಲ್ಲಿ ಅವಸರ ಮಾಡಬಹುದು, ಎಲ್ಲಿ ಮಾಡಬಾರದು ಅಂತ ಗೊತ್ತಿರುವವರೇ ಗೆಲ್ಲುವುದು.

ಫ್ರಾನ್ಸ್‌ನ ಎರಿಕ್ ಗ್ರೋಫೆಲ್ ಅವರನ್ನೇ ನೋಡಿ. 1999ರಲ್ಲಿ ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ ಓಪನ್ ವಿಭಾಗದ (ಪಿಸ್ತೂಲಿಗೆ ಹೆಚ್ಚು ಮಾರ್ಪಾಡು ಮಾಡಿಕೊಳ್ಳಬಹುದಾದ ವಿಭಾಗ) ವಿಶ್ವ ಚಾಂಪಿಯನ್ ಆದರು. 2002, 2005, 2008ರಲ್ಲೂ ಅವರೇ. ಮೂರು ವರ್ಷಕ್ಕೊಮ್ಮೆ ಬರುವ ಪಂದ್ಯ ಇದು. ಒಂದು ದಿನದ ಅದೃಷ್ಟದಿಂದ ಹೀಗೆ ಆಗುವುದಿಲ್ಲ, ಅಲ್ವಾ? ಅಮೆರಿಕದ ರಾಬ್ ಲೇಥಮ್ 1983ರಲ್ಲೇ ವಿಶ್ವ ಕಿರೀಟ ಗೆದ್ದವರು. ಆಮೇಲೂ ದಶಕಗಳ ಕಾಲ ಸ್ಪರ್ಧಿಸಿದರು.

ಇವರ ದಿನಚರಿ ಮಾತ್ರ ವಿಡಿಯೊದಷ್ಟು ರೋಚಕವಲ್ಲ. ಗುಂಡಿಲ್ಲದ ಪಿಸ್ತೂಲನ್ನು ಸೊಂಟದ ಹೋಲ್‌ಸ್ಟರ್ ಚೀಲದಿಂದ ತೆಗೆಯುವುದು, ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಬದಲಿಸುವುದು, ಮತ್ತೆ ಅದೇ. ಇದನ್ನು ಡ್ರೈ ಫೈರ್ ಅನ್ನುತ್ತಾರೆ. ನೋಡುವವರಿಗೆ ಬೇಜಾರು, ನಿಜ. ಪಂದ್ಯದಲ್ಲಿ ಕಾಲಿಡುವ ಜಾಗ, ಗುರಿಗಳ ಸರದಿ, ಮ್ಯಾಗಜಿನ್ ಬದಲಿಸುವ ಹೆಜ್ಜೆ ಎಲ್ಲವನ್ನೂ ಮೊದಲೇ ಬಾಯಿಪಾಠ ಮಾಡಿರುತ್ತಾರೆ. ಶುರು ಮಾಡಲು ಹೇಳುವ ಬೀಪ್ ಕೇಳಿದ ಮೇಲೆ ಯೋಚಿಸಲು ಹೊತ್ತಿಲ್ಲ.

ಬದುಕಿನ ವಿಷಯಕ್ಕೆ ಬಂದರೆ, ಬಹುಮಾನದ ಹಣ ನಂಬಿ ಕೆಲಸ ಬಿಡಬೇಡಿ. ಇದು ಒಲಿಂಪಿಕ್ಸ್‌ನಲ್ಲೂ ಇಲ್ಲ. ಹೆಸರಾದವರಿಗೆ ಆಸರೆ ಅಂದರೆ ಬಂದೂಕು ಕಂಪನಿಗಳ ಪ್ರಾಯೋಜಕತ್ವ ಮತ್ತು ತರಬೇತಿ ತರಗತಿಗಳು. ಉಳಿದವರು ಕೈಯಿಂದಲೇ ಖರ್ಚು ಮಾಡುತ್ತಾರೆ.

ಕಲಿಯುವ ಮನಸ್ಸಿದ್ದರೆ ಕ್ಲಬ್ಬಿನ ಸುರಕ್ಷತಾ ತರಬೇತಿಯಿಂದ ಶುರು ಮಾಡಿ. ಗುಂಡು ಹೊಡೆಯದೆ ಓಡುವಾಗ ಬೆರಳು ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆ) ಹೊರಗೇ ಇರಬೇಕು. ಪಂದ್ಯದ ನಡುವೆ ಪಿಸ್ತೂಲು ಕೈಜಾರಿ ಬಿದ್ದರೆ ವಿಶ್ವ ಚಾಂಪಿಯನ್ ಆದರೂ ಅನರ್ಹ, ಅಲ್ಲಿಗೆ ಪಂದ್ಯ ಮುಗಿಯಿತು.